ಸಿಂಗರೇಣಿ ಗಣಿ: ಚಾವಣಿ, ನೀರು, ನಕ್ಷೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ನಮ್ಮ ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 800 ಮೆಗಾವಾಟಿನ ಮೂರು ವಿದ್ಯುತ್ ಘಟಕಗಳಿವೆ. ಒಂದು ಯೂನಿಟ್ ಕರೆಂಟಿಗೆ ಸುಮಾರು ಆರೇಳು ನೂರು ಗ್ರಾಂ ಕಲ್ಲಿದ್ದಲು ಬೇಕು. ಮೂರೂ ಘಟಕಗಳು ಪೂರ್ತಿ ನಡೆದ ದಿನ ಒಂಬತ್ತು-ಹತ್ತು ಗೂಡ್ಸ್ ರೈಲಿನಷ್ಟು ಇದ್ದಲು ಉರಿದುಹೋಗುತ್ತದೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿ ಒಂದೂ ಇಲ್ಲ. ಹಾಗಾಗಿ ನಮ್ಮ ಮನೆಯ ದೀಪಕ್ಕಾಗಿ ನೆಲದಡಿ ಇಳಿಯುವವರು ಬೇರೆ ರಾಜ್ಯದ ಜನ. ರಾಯಚೂರಿನ ಶಕ್ತಿನಗರಕ್ಕೆ ಇದ್ದಲು ಕಳಿಸುತ್ತ ಬಂದಿರುವ ತೆಲಂಗಾಣದ ಸಿಂಗರೇಣಿ ಕಂಪನಿಯ ಬಗ್ಗೆ ಇವತ್ತು ಮಾತಾಡುತ್ತೇನೆ.

1871ರಲ್ಲಿ ಭೂವಿಜ್ಞಾನ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಅವರು ಯೆಲ್ಲಂದು ಬಳಿ ಇದ್ದಲಿನ ಪದರವನ್ನು ಗುರುತಿಸಿದರು. 1886ರಲ್ಲಿ ಇಂಗ್ಲೆಂಡಿನ ಹೈದರಾಬಾದ್ ಡೆಕ್ಕನ್ ಕಂಪನಿಗೆ ಹಕ್ಕು ಸಿಕ್ಕಿತು, 1889ರಲ್ಲಿ ಅಗೆತ ಶುರುವಾಯಿತು. 1920ರ ಡಿಸೆಂಬರ್ 23ರಂದು ಇಂದಿನ ಹೆಸರಿನ ಕಂಪನಿ ಹುಟ್ಟಿತು. 1945ರಲ್ಲಿ ನಿಜಾಮ ಸರಕಾರ ಅದರ ಹೆಚ್ಚಿನ ಷೇರುಗಳನ್ನು ಕೊಂಡಿತು. ಈಗ ತೆಲಂಗಾಣದ ಪಾಲು ನೂರಕ್ಕೆ 51, ಕೇಂದ್ರದ್ದು 49. ಎಪ್ಪತ್ತರ ದಶಕದಲ್ಲಿ ಝರಿಯಾ, ರಾಣಿಗಂಜ್ ಕಡೆಯ ಖಾಸಗಿ ಗಣಿಗಳನ್ನು ರಾಷ್ಟ್ರೀಕರಣ ಮಾಡಬೇಕಾಯಿತು. ಸಿಂಗರೇಣಿ ಆಗಲೇ ಸರಕಾರದ ಕೈಯಲ್ಲಿತ್ತು.

ಸರಕಾರದ್ದಾದ ಮಾತ್ರಕ್ಕೆ ಸಾವು ತಪ್ಪಲಿಲ್ಲ. 2003ರ ಜೂನಿನಲ್ಲಿ ಗೋದಾವರಿಖನಿಯ 7 ಎಲ್‌ಇಪಿ ಗಣಿಗೆ ನೀರು ನುಗ್ಗಿ 17 ಜನ ಸತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ಅಲ್ಲಿಯೇ 8ಎ ಗಣಿಯಲ್ಲಿ ಚಾವಣಿ ಕುಸಿದು ಹತ್ತು ಜನ ಹೋದರು. 2022ರ ಮಾರ್ಚಿನಲ್ಲಿ ಅಡ್ರಿಯಾಲದಂಥ ಹೊಸ ಯಂತ್ರಗಳ ಗಣಿಯಲ್ಲೂ ಕುಸಿತಕ್ಕೆ ಮೂವರು ಬಲಿಯಾದರು.

ಚಾವಣಿಯ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೆಲದಡಿಯ ಗಣಿಯಲ್ಲಿ ಇದ್ದಲನ್ನು ಒಮ್ಮೆಲೇ ತೆಗೆಯುವುದಿಲ್ಲ. ಉದ್ದಕ್ಕೂ ಅಡ್ಡಕ್ಕೂ ದಾರಿ ಕೊರೆದು, ನಡುವೆ ಇದ್ದಲಿನ ದೊಡ್ಡ ಕಂಬಗಳನ್ನೇ ಬಿಡುತ್ತಾರೆ. ಕೊನೆಗೆ ಹಿಂದೆ ಸರಿಯುತ್ತ ಆ ಕಂಬಗಳನ್ನೂ ಕತ್ತರಿಸುತ್ತಾರೆ, ಹಿಂದಿನ ಚಾವಣಿಯನ್ನು ಬೀಳಲು ಬಿಡುತ್ತಾರೆ. ಅತಿ ಅಪಾಯದ ಜಾಗ ಎರಡು: ದಾರಿಗಳು ಕೂಡುವ ನಾಲ್ಕುರಸ್ತೆ, ಮತ್ತು ಈಗಷ್ಟೇ ಸಿಡಿಮದ್ದು ಹಾರಿಸಿ ಬಯಲಾದ ಮೋರೆ, ಅಂದರೆ ದಾರಿಯ ತುದಿಯಲ್ಲಿ ಕಡಿಯುತ್ತಿರುವ ಇದ್ದಲಿನ ಗೋಡೆ. ಹೊಗೆ ತಿಳಿಯಾದ ಮೇಲೆ, ಪಾಳಿಯ ಸುರಕ್ಷತೆ ನೋಡಿಕೊಳ್ಳುವ ಮೈನಿಂಗ್ ಸರ್ದಾರ ಆಸರೆ ಇರುವ ಚಾವಣಿಯ ಕೆಳಗೇ ನಿಂತು, ಉದ್ದನೆ ಸಲಾಕೆಯಿಂದ ಮುಂದಿನ ಬಂಡೆಯನ್ನು ತಟ್ಟುತ್ತಾನೆ. ಠಣ್ ಅಂದರೆ ಗಟ್ಟಿ. ದಬ್ ಅಂದರೆ ಒಳಗೆ ಪೊಳ್ಳು, ಪದರ ಬಿಟ್ಟಿದೆ. ಸಡಿಲಾದದ್ದನ್ನು ಕೆಡವಿ, ಆಮೇಲೆ ಬೋಲ್ಟ್ ಹೊಡೆಯಬೇಕು: ಒಂದೂವರೆ ಮೀಟರಿನಷ್ಟು ಆಳದ ರಂಧ್ರ, ಅದರೊಳಗೆ ಸಿಮೆಂಟ್ ಇಲ್ಲವೆ ರೆಸಿನ್ ಕ್ಯಾಪ್ಸೂಲ್, ಹಿಂದೆಯೇ ಕಬ್ಬಿಣದ ರಾಡು, ಅದಕ್ಕೆ ಪ್ಲೇಟು, ನಟ್ಟು.

ತಪ್ಪುವುದು ಈ ಸಣ್ಣ ಕೆಲಸಗಳಲ್ಲೇ. ರಂಧ್ರ ರಾಡಿಗಿಂತ ಆಳವಾದರೆ ತುದಿ ಹಿಡಿತಕ್ಕೆ ಸಿಗುವುದಿಲ್ಲ. ಕ್ಯಾಪ್ಸೂಲಿನ ಅವಧಿ ಮುಗಿದಿದ್ದರೆ ಗಟ್ಟಿಯಾಗುವುದಿಲ್ಲ. ಪ್ಲೇಟು ಬಂಡೆಗೆ ಬಿಗಿಯಾಗಿ ಕೂರದಿದ್ದರೆ ಕೆಳಗಿನ ಪದರ ಕಳಚುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಟನ್ನಿನ ಲೆಕ್ಕಕ್ಕೆ ಅವಸರಪಟ್ಟು ಮೊದಲು ಇದ್ದಲು ತುಂಬಿ ಆಮೇಲೆ ಬೋಲ್ಟ್ ಹಾಕೋಣ ಎನ್ನುವುದು.

ಗಾಳಿಯ ಮಾತು ನಮ್ಮವರಿಗೆ ಹೊಸದಲ್ಲ. ನೆಲದಡಿ ಕಾಳು ಕೂಡಿಡುವ ಹಗೇವು ತೆಗೆದ ಕೂಡಲೇ ಯಾರನ್ನೂ ಇಳಿಸದೆ ಗಾಳಿಯಾಡಲು ಬಿಡುವುದು ಈ ಸೀಮೆಯ ಹಿರಿಯರಿಗೆ ಗೊತ್ತಿರುವ ಪಾಠ. ಗಣಿಯಲ್ಲಿ ಅದನ್ನೇ ಅಳತೆಗೆ ಇಳಿಸಿದ್ದಾರೆ: ಆಮ್ಲಜನಕ ನೂರಕ್ಕೆ 19ಕ್ಕಿಂತ ಕಡಿಮೆ ಇರಕೂಡದು, ಇಂಗಾಲದ ಡೈಆಕ್ಸೈಡ್ ನೂರಕ್ಕೆ ಅರ್ಧಕ್ಕಿಂತ ಹೆಚ್ಚಿರಕೂಡದು. ಮೀಥೇನ್ ನೂರಕ್ಕೆ 5ರಿಂದ 15ರೊಳಗೆ ಸಿಡಿಯುತ್ತದೆ, ಅದಕ್ಕೇ 1.25 ದಾಟಿದೊಡನೆ ಕರೆಂಟ್ ಕಡಿಯಬೇಕು.

ಇನ್ನು ನೀರು. ಬಿಟ್ಟುಹೋದ ಹಳೆ ಗಣಿಯಲ್ಲಿ ವರ್ಷಗಟ್ಟಲೆ ನೀರು ನಿಲ್ಲುತ್ತದೆ. ಪಕ್ಕದಲ್ಲಿ ಕೊರೆಯುವವನಿಗೆ ಅದು ಕಾಣುವುದಿಲ್ಲ. 1975ರ ಡಿಸೆಂಬರ್ 27ರಂದು ಧನಬಾದ್ ಕಡೆಯ ಚಾಸನಾಲ ಗಣಿಯಲ್ಲಿ ಹಾಗೆ ನಿಂತ ನೀರು ಒಡೆದು 375 ಜನ ಮುಳುಗಿದರು. 2001ರಲ್ಲಿ ಅದೇ ಸೀಮೆಯ ಬಾಗಡಿಗಿ ಗಣಿಯಲ್ಲಿ ಹೀಗೆಯೇ 29 ಜನ ಸತ್ತರು. ಅಲ್ಲಿ ನಡುವಿನ ಇದ್ದಲಿನ ಗೋಡೆ ನಕ್ಷೆಯಲ್ಲಿ ದಪ್ಪ, ನೆಲದಲ್ಲಿ ತೆಳು. ಗಣಿಯಲ್ಲಿ ಸರ್ವೇಯರನ ನಕ್ಷೆಗಿಂತ ದೊಡ್ಡ ರಕ್ಷಣಾ ಸಾಧನ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಹೆಲ್ಮೆಟ್ಟು ಒಂದು ತಲೆ ಕಾಯುತ್ತದೆ, ಸರಿಯಾದ ನಕ್ಷೆ ಇಡೀ ಪಾಳಿಯನ್ನು ಕಾಯುತ್ತದೆ.

ನಕ್ಷೆಯ ಮೇಲೆ ಸಂಶಯವಿದ್ದಾಗ ಏನು ಮಾಡಬೇಕೆಂಬುದನ್ನು 1957ರ ಕಲ್ಲಿದ್ದಲು ಗಣಿ ನಿಯಮಾವಳಿಯೇ ಬರೆದಿಟ್ಟಿತು. ಹಳೆ ಗಣಿ 60 ಮೀಟರ್ ಒಳಗೆ ಬಂತೆಂದರೆ ಅನುಮತಿ ಇಲ್ಲದೆ ಮುಂದೆ ಹೋಗುವಂತಿಲ್ಲ. ದಾರಿಯ ಅಗಲ, ಎತ್ತರ 2.4 ಮೀಟರ್ ಮೀರುವಂತಿಲ್ಲ. ಮೋರೆಯ ನಡುವೆ ಒಂದು ರಂಧ್ರ, ಎರಡೂ ಪಕ್ಕಕ್ಕೆ ಓರೆ ರಂಧ್ರಗಳು, ಅವು ಯಾವಾಗಲೂ ಕನಿಷ್ಠ 3 ಮೀಟರ್ ಮುಂದಿರಬೇಕು. ನೀರು ಇದ್ದರೆ ಮೊದಲು ಆ ಸಣ್ಣ ತೂತಿನಲ್ಲಿ ಚಿಮ್ಮಲಿ ಎಂಬುದು ಲೆಕ್ಕ. ಇದರಿಂದ ಕೆಲಸ ನಿಧಾನವಾಗುತ್ತದೆ, ನಿಧಾನವಾಗಲೇಬೇಕು.

ಇಂದು ಸಿಂಗರೇಣಿಯ ಇದ್ದಲಿನ ಬಹುಪಾಲು ಮೇಲಿನಿಂದಲೇ ತೆರೆದು ತೋಡುವ ಓಪನ್‌ಕಾಸ್ಟ್ ಗಣಿಗಳಿಂದ ಬರುತ್ತದೆ. 2023-24ರಲ್ಲಿ ಒಟ್ಟು ಉತ್ಪಾದನೆ 7 ಕೋಟಿ ಟನ್ ಮುಟ್ಟಿತು. ತಲೆಯ ಮೇಲೆ ಚಾವಣಿ ಇಲ್ಲದ ಗಣಿಯಲ್ಲಿ ಚಾವಣಿ ಬೀಳುವುದೂ ಇಲ್ಲ. ಆದ್ದರಿಂದ ಕಂಪನಿಯ ಅಪಘಾತದ ಅಂಕಿ ನೋಡುವಾಗ ನೆಲದಡಿಯ ಲೆಕ್ಕ, ಮೇಲಿನ ಲೆಕ್ಕ ಎರಡನ್ನೂ ಬೇರೆಬೇರೆ ಓದಬೇಕು. ಮೇಲಿನ ಗಣಿಯಲ್ಲಿ ಕೊಲ್ಲುವುದು ಹಿಂದೆ ಸರಿಯುವ ಡಂಪರು, ಮಳೆಯಲ್ಲಿ ಜಾರುವ ಮಣ್ಣಿನ ಗುಡ್ಡೆ, ಮೆಟ್ಟಿಲು ಬಿಡದೆ ಕಡಿದ ಗೋಡೆ.

ಈ ಕೊನೆಯದು ಇಳಕಲ್ಲಿನ ಗ್ರಾನೈಟ್ ಕ್ವಾರಿಗೂ ಬಾದಾಮಿ ಕಡೆಯ ಕಲ್ಲಿನ ಗುಂಡಿಗೂ ಅಷ್ಟೇ ಅನ್ವಯ. ಬುಡ ಕಡಿದು ಮೇಲಿನ ಬಂಡೆಯನ್ನು ತೂಗುಬಿಟ್ಟ ಗೋಡೆಯ ಕೆಳಗೆ ಯಾರನ್ನೂ ನಿಲ್ಲಿಸಬೇಡಿ. ಮಳೆ ಬಂದ ಮರುದಿನ ಕೆಲಸಕ್ಕೆ ಇಳಿಯುವ ಮುಂಚೆ ಮೇಲಿನ ಅಂಚಿನಲ್ಲಿ ಹೊಸ ಬಿರುಕು ಬಂದಿದೆಯೇ ಎಂದು ನಡೆದು ನೋಡಿ. ಬಿರುಕು ಕಂಡರೆ ಕೆಳಗಿನವರನ್ನು ಮೊದಲು ಹೊರಗೆ ಕಳಿಸಿ, ಆಮೇಲೆ ಮಾಲೀಕರಿಗೆ ಫೋನ್ ಮಾಡಿ.

ನಮಸ್ಕಾರ.