ಪೆನ್ನಿಮನ್ ಮನೆಯ ಒಂದೊಂದು ಗೆರೆಗೂ ದುಡ್ಡು ಕೊಟ್ಟವರು ಯಾರು?

ಎಲ್ಲರಿಗೂ ನಮಸ್ಕಾರ. ಸ್ಕೆಚ್ ಪುಸ್ತಕ ತಂದಿದ್ದರೆ ತೆರೆದಿಟ್ಟುಕೊಳ್ಳಿ. ನಾನು ಮಾತಾಡುವಾಗ ನೀವು ಗೀಚುತ್ತಿದ್ದರೆ ನನಗೇನೂ ಬೇಜಾರಿಲ್ಲ.

ಪರದೆ ಮೇಲೆ ಕಾಣುತ್ತಿರುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಡಲೊಳಕ್ಕೆ ಚಾಚಿಕೊಂಡಿರುವ ಕೇಪ್ ಕಾಡ್‌ನಲ್ಲಿ, ಈಸ್ಟ್‌ಹ್ಯಾಮ್ ಎಂಬ ಊರಿನ ಫೋರ್ಟ್ ಹಿಲ್‌ನಲ್ಲಿರುವ ಮನೆ. 1868ರಲ್ಲಿ ಇದನ್ನು ಕಟ್ಟಿಸಿದವನು ಕ್ಯಾಪ್ಟನ್ ಎಡ್ವರ್ಡ್ ಪೆನ್ನಿಮನ್. ತಿಮಿಂಗಿಲ ಬೇಟೆಯ ಹಡಗುಗಳನ್ನು ನಡೆಸುತ್ತಿದ್ದವನು. ಆ ಕಡೆಯ ಹಳೆ ಮನೆಗಳು ಸಾಮಾನ್ಯವಾಗಿ ತಗ್ಗು, ಹೊರಗೋಡೆಗೆ ಹೊದಿಸಿದ ಮರದ ಬಿಲ್ಲೆಗಳಿಗೆ ಬಣ್ಣವನ್ನೂ ಹಚ್ಚದೆ ಬಿಟ್ಟಿರುತ್ತಾರೆ, ಉಪ್ಪುಗಾಳಿಗೆ ಅವು ಬೂದಿ ಬಣ್ಣಕ್ಕೆ ತಿರುಗಿರುತ್ತವೆ. ಇದು ಮಾತ್ರ ಹಳದಿ ಬಳಿದುಕೊಂಡು, ಆಗಿನ ಪ್ಯಾರಿಸ್ ಫ್ಯಾಷನ್ನಿನಲ್ಲಿ ಎತ್ತರಕ್ಕೆ ನಿಂತಿದೆ. ಮುಚ್ಚುಮರೆ ಯಾಕೆ, ಜಂಬದ ಮನೆ.

ಚಾವಣಿಯಿಂದ ಶುರು ಮಾಡೋಣ, ಬರೆಯುವವರು ಎಡವುವುದು ಅಲ್ಲೇ. ಇದಕ್ಕೆ ಮ್ಯಾನ್ಸಾರ್ಡ್ ಚಾವಣಿ ಅಂತಾರೆ. ಕೆಳಗಿನ ಇಳಿಜಾರು ಹೆಚ್ಚುಕಡಿಮೆ ಗೋಡೆಯಷ್ಟೇ ಕಡಿದು, ಮೇಲಿನದು ಬಹಳ ಚಪ್ಪಟೆ, ಹತ್ತಿರ ನಿಂತರೆ ಮೇಲಿನ ಭಾಗ ಕಣ್ಣಿಗೇ ಬೀಳುವುದಿಲ್ಲ. ಆದರೂ ಕೈ ಸುಮ್ನೆ ಇರುತ್ತದಾ, ರೂಢಿಬಲದಲ್ಲಿ ಒಂದು ತ್ರಿಕೋನ ಎಳೆದುಬಿಡುತ್ತದೆ! ಕಂಡಿದ್ದನ್ನಷ್ಟೇ ಹಾಕಿ. ಈ ಚಾವಣಿಯಿಂದಾಗಿ ಮೇಲಿನ ಅಂತಸ್ತಿನಲ್ಲೂ ತಲೆ ತಾಗದೆ ಓಡಾಡಬಹುದು. ನೆತ್ತಿಯ ಮೇಲೆ ಕಿಟಕಿಗಳ ಒಂದು ಪುಟ್ಟ ಗೂಡಿದೆ, ಕ್ಯುಪೋಲಾ. ಕೇಪ್ ಕಾಡ್ ಆ ಭಾಗದಲ್ಲಿ ಎಷ್ಟು ಕಿರಿದೆಂದರೆ ಆ ಗೂಡಿನಿಂದ ಒಂದು ಕಡೆ ಅಟ್ಲಾಂಟಿಕ್ ಸಾಗರ, ಇನ್ನೊಂದು ಕಡೆ ಕೇಪ್ ಕಾಡ್ ಕೊಲ್ಲಿ, ಎರಡೂ ಕಾಣುತ್ತಿದ್ದವು. ಚಾವಣಿಗೆ ಬಿದ್ದ ಮಳೆನೀರನ್ನು ಅಟ್ಟದ ತೊಟ್ಟಿಯಲ್ಲಿ ಹಿಡಿದು ಅಡುಗೆಮನೆಗೂ ಬಚ್ಚಲಿಗೂ ಕೊಳಾಯಿಯಲ್ಲಿ ಬಿಟ್ಟಿದ್ದರು. ಮಳೆಕೊಯ್ಲಿಗೆ ನೋಟಿಸ್ ಬಂದ ಮೇಲೆ ಪೈಪು ಹುಡುಕುವವರು ನಾವು, ಅಲ್ವಾ?

ಆದರೆ ನಾನು ಜಾಸ್ತಿ ಹೊತ್ತು ಕೂತು ಬರೆದದ್ದು ಗೇಟನ್ನು. ಅದು ತಿಮಿಂಗಿಲದ ದವಡೆಯ ಎರಡು ಎಲುಬುಗಳನ್ನು ಎದುರುಬದುರು ನಿಲ್ಲಿಸಿ ಮಾಡಿದ ಕಮಾನು. ದೂರದಿಂದ ಬಿಳಿ ಮರ ಅನ್ನಿಸುತ್ತಿತ್ತು. ಹತ್ತಿರ ಹೋದರೆ ಮೈತುಂಬ ಸಣ್ಣ ಸಣ್ಣ ತೂತು, ಸೀಳು, ಹಸಿರು ಪಾಚಿ. ಪೆನ್ಸಿಲ್‌ನಲ್ಲಿ ಅದನ್ನು ಹಿಡಿಯಲು ಹೋದಾಗಲೇ ನನಗೆ ತಲೆಯಲ್ಲಿ ಹುಳ ಬಿದ್ದದ್ದು: ಈ ಮನೆಯ ದುಡ್ಡು ಎಲ್ಲಿಂದ ಬಂತು?

ಪೆನ್ನಿಮನ್ ಹುಟ್ಟಿದ್ದು 1831ರಲ್ಲಿ. ಕಡಲಿಗಿಳಿದಾಗ ಅವನಿಗೆ 11 ವರ್ಷ. ನಮ್ಮಲ್ಲಾದರೆ ಐದನೇ ಕ್ಲಾಸು! ಮುಂದೆ ನ್ಯೂ ಬೆಡ್‌ಫರ್ಡ್ ಬಂದರಿನಿಂದ ಹೊರಡುವ ತಿಮಿಂಗಿಲ ಹಡಗು ಹತ್ತಿ, 29ರ ಹೊತ್ತಿಗೆ ಕ್ಯಾಪ್ಟನ್ ಆದ. ಒಮ್ಮೆ ಹೊರಟರೆ ಮೂರು ನಾಲ್ಕು ವರ್ಷ ವಾಪಸ್ ಇಲ್ಲ.

ಬೇಟೆ ನಡೆಯುತ್ತಿದ್ದದ್ದು ಹಡಗಿನಿಂದಲ್ಲ, ಅದರಿಂದ ಇಳಿಸಿದ ಚಿಕ್ಕ ದೋಣಿಯಿಂದ. ದೋಣಿಗೆ ಆರು ಜನ. ಮುಂದೆ ನಿಂತವನು ಹಾರ್ಪೂನ್, ಅಂದರೆ ಹಗ್ಗ ಕಟ್ಟಿದ ಕೊಕ್ಕೆಮೊನೆಯ ಈಟಿ, ಎಸೆಯುತ್ತಾನೆ, ಆಮೇಲೆ ಅವನು ಹಿಂದಕ್ಕೆ, ಹಿಂದಿದ್ದ ಅಧಿಕಾರಿ ಮುಂದಕ್ಕೆ, ಓಲಾಡುವ ದೋಣಿಯಲ್ಲೇ ಜಾಗ ಬದಲು. ಹಾರ್ಪೂನ್ ತಿಮಿಂಗಿಲವನ್ನು ಕೊಲ್ಲುವುದಿಲ್ಲ, ಬರೀ ಕಚ್ಚಿ ಹಿಡಿಯುತ್ತದೆ. ಕೊಲ್ಲುವುದು ಆ ಅಧಿಕಾರಿಯ ಉದ್ದನೆ ಭರ್ಜಿ. ಗಾಯಗೊಂಡ ಪ್ರಾಣಿ ಓಡುವಾಗ ಆ ಹಗ್ಗ ದೋಣಿಯ ಗೂಟಕ್ಕೆ ಸುತ್ತಿಕೊಂಡು ಎಷ್ಟು ಜೋರಾಗಿ ಸರಿಯುತ್ತಿತ್ತೆಂದರೆ ಹೊಗೆ ಏಳುತ್ತಿತ್ತು, ಅದಕ್ಕೆ ನೀರು ಹಾಕುತ್ತಲೇ ಇರಬೇಕು. ಬಾವಿ ಸೇದುವಾಗ ಹಗ್ಗ ಜಾರಿ ಅಂಗೈ ಸುಟ್ಟುಕೊಂಡವರಿಗೆ ಇದರ ಒಂದು ಚೂರು ಅಂದಾಜು ಸಿಗಬಹುದು. ಆಮೇಲೆ ಹೆಣವನ್ನು ಹಡಗಿನ ಪಕ್ಕಕ್ಕೆ ಕಟ್ಟಿ, ಕೊಬ್ಬು ಸುಲಿದು, ಡೆಕ್ ಮೇಲೆ ಇಟ್ಟಿಗೆಯ ಒಲೆ ಹೂಡಿ, ಕಬ್ಬಿಣದ ಕೊಪ್ಪರಿಗೆಗಳಲ್ಲಿ ಕಾಯಿಸಿ ಎಣ್ಣೆ ತೆಗೆಯುವುದು. ಒಲೆಗೆ ಸೌದೆ ಯಾವುದು ಗೊತ್ತಾ? ಎಣ್ಣೆ ಬಿಟ್ಟು ಗರಿಗರಿಯಾದ ಅದೇ ಕೊಬ್ಬಿನ ಚೂರುಗಳು.

ಇನ್ನು ಸಂಬಳ. ತಿಂಗಳ ಸಂಬಳ ಅಂತ ಇರಲಿಲ್ಲ, ಲಾಭದಲ್ಲಿ ಪಾಲು. ಕ್ಯಾಪ್ಟನ್‌ಗೆ ಹದಿನೈದರಲ್ಲಿ ಒಂದು ಪಾಲಿನ ಆಸುಪಾಸು ಸಿಕ್ಕರೆ, ಹೊಸ ಹುಡುಗನಿಗೆ ಇನ್ನೂರರಲ್ಲಿ ಒಂದು. ಅದರಲ್ಲೂ ಹಡಗಿನ ಅಂಗಡಿಯಲ್ಲಿ ತೆಗೆದುಕೊಂಡ ಅಂಗಿ, ಹೊಗೆಸೊಪ್ಪಿನ ಲೆಕ್ಕ ಮುರಿದುಕೊಳ್ಳುತ್ತಿದ್ದರು. ವರ್ಷಗಟ್ಟಲೆ ದುಡಿದು ಸಾಲಗಾರರಾಗಿ ಇಳಿದವರೂ ಇದ್ದರು. ಆ ಹುಡುಗರ ಮನೆಗಳನ್ನು ಸ್ಕೆಚ್ ಮಾಡೋಣ ಅಂದರೆ ಎಲ್ಲಿದ್ದಾವೆ ಹೇಳಿ.

ಪೆನ್ನಿಮನ್‌ನ ಹೆಂಡತಿ ಬೆಟ್ಸಿ ಅಗಸ್ಟಾ, ಮನೆಯವರ ಬಾಯಲ್ಲಿ ಗಸ್ಟಿ. ಆಕೆಯೂ ಕೆಲವು ಯಾನಗಳಲ್ಲಿ ಜೊತೆಗೆ ಹೋದಳು, ಮಕ್ಕಳನ್ನೂ ಕರೆದುಕೊಂಡು. ದಿನಚರಿ ಬರೆದಳು. ಆದರೂ ಎಲ್ಲರ ಬಾಯಲ್ಲೂ ಇದು ಕ್ಯಾಪ್ಟನ್ ಮನೆ. ನನ್ನ ಸ್ಕೆಚ್ಚಿನ ಕೆಳಗೆ ಮಾತ್ರ ಇಬ್ಬರ ಹೆಸರನ್ನೂ ಬರೆದಿದ್ದೇನೆ.

ಇನ್ನೊಂದು ವಿಷಯ. ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಎಂಬಾತ ನೆಲದಡಿಯ ಕಚ್ಚಾ ಎಣ್ಣೆಗೆ ಬಾವಿ ತೋಡಿದ್ದು 1859ರಲ್ಲಿ. ಈ ಮನೆ ಎದ್ದಿದ್ದು 1868ರಲ್ಲಿ. ಅಷ್ಟು ಹೊತ್ತಿಗಾಗಲೇ ದೀಪಕ್ಕೆ ಅಗ್ಗದ ಸೀಮೆಎಣ್ಣೆ ಬಂದು ತಿಮಿಂಗಿಲ ಎಣ್ಣೆಯ ವ್ಯಾಪಾರ ಇಳಿಮುಖ. 1871ರಲ್ಲಿ ಅಲಾಸ್ಕಾದ ಉತ್ತರಕ್ಕೆ ಮಂಜುಗಡ್ಡೆಗೆ ಸಿಕ್ಕಿ 33 ತಿಮಿಂಗಿಲ ಹಡಗು ಒಟ್ಟಿಗೇ ಹಾಳಾಗಿ ಹೋದವು. ಇಷ್ಟಾದರೂ ಪೆನ್ನಿಮನ್ 1880ರ ದಶಕದವರೆಗೆ ಬೇಟೆಗೆ ಹೋಗುತ್ತಲೇ ಇದ್ದ. ಛಲವೋ, ಬೇರೆ ಕಸುಬು ಗೊತ್ತಿಲ್ಲದ್ದೋ, ನೀವೇ ಹೇಳಿ. ತೀರಿಕೊಂಡಿದ್ದು 1913ರಲ್ಲಿ. ಮನೆ 1960ರ ದಶಕದಲ್ಲಿ ಮೊಮ್ಮಗಳ ಕೈಯಿಂದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಬಂತು.

ಮೂಲ ಸ್ಕೆಚ್‌ಗಳು ಹಿಂದಿನ ಮೇಜಿನ ಮೇಲಿವೆ, ಕೈಗೆತ್ತಿಕೊಂಡು ನೋಡಿ. ಗೇಟಿನ ಚಿತ್ರದಲ್ಲಿ ಎಲುಬಿನ ತೂತುಗಳನ್ನು ಪೆನ್ನಿನಲ್ಲಿ ಹಾಕಿ, ಮನೆಯನ್ನು ತೆಳು ವಾಟರ್ ಕಲರ್‌ನಲ್ಲಿ ಬಿಟ್ಟಿದ್ದೇನೆ. ಅದು ಬೇಕೆಂದೇ ಮಾಡಿದ್ದು. ಸರಿ, ಈಗ ಪ್ರಶ್ನೆ ಕೇಳಿ.