ಇಂಗ್ಲಿಷ್ ಸ್ಪೆಲಿಂಗಿಗೆ ಕನ್ನಡದ ಸಂಧಿ
(ಧಾರವಾಡದಲ್ಲಿ ಪ್ರಾಥಮಿಕ ಶಾಲಾ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲ ಮಾಸ್ತರರಿಗೂ ಅಕ್ಕೋರಿಗೂ ನಮಸ್ಕಾರ.

ಹುಬ್ಬಳ್ಳಿಯಲ್ಲಿ ಖಾನಾವಳಿ, ಲಾಡ್ಜುಗಳ ಬೋರ್ಡು ನೋಡುತ್ತಾ ಹೋಗಿ. ‘ಡೈನಿಂಗ್ ಹಾಲ್’ ಎಂದು ಇಂಗ್ಲಿಷಿನಲ್ಲಿ ಬರೆದ ಕಡೆ ಎಷ್ಟೋ ಸಲ ನಡುವೆ ಎರಡು ‘ಎನ್’ ಇರುತ್ತವೆ. ಹಾಗೆ ಬರೆದರೆ ಅದನ್ನು ‘ಡಿನ್ನಿಂಗ್’ ಎಂದು ಓದಬೇಕು. ಇಂಗ್ಲಿಷಿನಲ್ಲಿ ‘ಡಿನ್’ ಎಂದರೆ ಗದ್ದಲ. ಮಧ್ಯಾಹ್ನ ಒಂದೂವರೆಗೆ ಒಳಗೆ ಹೋಗಿ ನೋಡಿದರೆ ಅದೂ ಸರಿಯೇ ಅನ್ನಿ!

ಅಲ್ಲಿ ಒಂದೇ ‘ಎನ್’ ಯಾಕೆ ಬೇಕು? ಇದನ್ನು ಐದನೇ ತರಗತಿ ಮಗುವಿಗೆ ಹೇಗೆ ಹೇಳುತ್ತೀರಿ? ಸಾಮಾನ್ಯವಾಗಿ ನಾವು ಹೇಳುವುದೇ ಇಲ್ಲ. ಪಟ್ಟಿ ಕೊಡುತ್ತೇವೆ, ಬಾಯಿಪಾಠ ಮಾಡಿಸುತ್ತೇವೆ, ತಪ್ಪಿದರೆ ಹತ್ತು ಸಲ ಬರೆಸುತ್ತೇವೆ. ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಆದರೆ ಕಲಿಸುವ ರೀತಿ ಮಾತ್ರ ಬಹಳ ಕಡೆ ಬಾಯಿಪಾಠದಲ್ಲೇ ನಿಂತಿದೆ.

ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ಶಬ್ದಕ್ಕೆ ಪ್ರತ್ಯಯ ಸೇರಿದಾಗ ಒಂದು ಅಕ್ಷರ ಬಿದ್ದುಹೋಗಬಹುದು, ಹೊಸದೊಂದು ಬಂದು ಸೇರಬಹುದು, ಇಲ್ಲವೇ ಒಂದರ ಜಾಗದಲ್ಲಿ ಇನ್ನೊಂದು ಕೂರಬಹುದು. ನಾವು ಇದನ್ನೇ ಲೋಪ, ಆಗಮ, ಆದೇಶ ಎನ್ನುತ್ತೇವೆ. ಈ ಹೆಸರುಗಳನ್ನು ಮಕ್ಕಳು ಹೈಸ್ಕೂಲಿನಲ್ಲಿ ಕಲಿಯುತ್ತಾರೆ, ನಿಜ. ಆದರೆ ಶಾಲೆಯ ಮುಖ ನೋಡುವ ಮೊದಲೇ ಅವು ಅವರ ಬಾಯಲ್ಲಿ ಆಡುತ್ತಿರುತ್ತವೆ.

ಲೋಪದಿಂದ ಶುರು ಮಾಡೋಣ. ‘ಊರು’ ಶಬ್ದಕ್ಕೆ ‘ಇಂದ’ ಸೇರಿಸಿ ಎಂದರೆ ಮಗು ಥಟ್ಟನೆ ‘ಊರಿಂದ’ ಎನ್ನುತ್ತದೆ. ‘ಗಳು’ ಸೇರಿಸಿ ಎಂದರೆ ‘ಊರುಗಳು’. ಮೊದಲನೆಯದರಲ್ಲಿ ‘ಉ’ ಬಿತ್ತು, ಎರಡನೆಯದರಲ್ಲಿ ಉಳಿಯಿತು. ಯಾಕೆ? ‘ಇಂದ’ ಸ್ವರದಿಂದ ಶುರುವಾಗುತ್ತದೆ, ‘ಗಳು’ ವ್ಯಂಜನದಿಂದ. ಈಗ ‘ಹೋಪ್’ ತೆಗೆದುಕೊಳ್ಳಿ. ಅದರ ಕೊನೆಗೆ ಉಚ್ಚಾರವಿಲ್ಲದ ‘ಇ’ ಅಕ್ಷರ ಇದೆ. ‘ಇಂಗ್’ ಸೇರಿದರೆ ಆ ‘ಇ’ ಬೀಳುತ್ತದೆ. ‘ಫುಲ್’ ಸೇರಿದರೆ ಉಳಿಯುತ್ತದೆ. ಅದೇ ಲೆಕ್ಕ, ಅಲ್ವಾ?

ಹಳೇ ಕ್ಯಾಲೆಂಡರಿನ ಹಿಂಬದಿಯಿಂದ ಉದ್ದನೆಯ ಪಟ್ಟಿ ಕತ್ತರಿಸಿ. ಅದರ ಮೇಲೆ ‘ಡೈನ್’ ಶಬ್ದದ ನಾಲ್ಕು ಅಕ್ಷರ ದೊಡ್ಡದಾಗಿ ಬರೆಯಿರಿ: ಡಿ, ಐ, ಎನ್, ಇ. ಇನ್ನೊಂದು ಚೀಟಿಯಲ್ಲಿ ‘ಇಂಗ್’. ಕೊನೆಯ ‘ಇ’ಯನ್ನು ಮಗುವೇ ಹಿಂದಕ್ಕೆ ಮಡಚಿ ‘ಇಂಗ್’ ಚೀಟಿಯನ್ನು ಒತ್ತಿ ಹಿಡಿಯಲಿ. ಎಷ್ಟು ‘ಎನ್’ ಉಳಿದವು ಎಂದು ಕೇಳಿ. ಉತ್ತರ ಎದುರಿಗೇ ಇರುತ್ತದೆ. ಬೋರ್ಡಿನ ಮೇಲೆ ಬರೆದು ತೋರಿಸುವುದಕ್ಕಿಂತ ಆ ಮಡಿಕೆ ಜಾಸ್ತಿ ನೆನಪಿರುತ್ತದೆ.

ಇದಕ್ಕೆ ಅಪವಾದ ಇಲ್ಲವೇ ಎಂದು ಕೇಳಬಹುದು. ಇದೆ. ‘ನೋಟಿಸಬಲ್’, ‘ಚೇಂಜಬಲ್’ ಶಬ್ದಗಳಲ್ಲಿ ‘ಇ’ ಬೀಳುವುದಿಲ್ಲ. ಬಿದ್ದರೆ ‘ಸಿ’ ಅಕ್ಷರ ಕಕಾರವಾಗುತ್ತದೆ, ‘ಜಿ’ ಅಕ್ಷರ ಗಕಾರವಾಗುತ್ತದೆ. ನಮ್ಮ ಲೋಪಸಂಧಿಗೂ ಷರತ್ತಿದೆ: ಅರ್ಥ ಕೆಡಬಾರದು. ‘ಗುರು’ ಶಬ್ದಕ್ಕೆ ‘ಅನ್ನು’ ಸೇರಿಸಿ ಯಾರೂ ‘ಗುರನ್ನು’ ಎನ್ನುವುದಿಲ್ಲ, ‘ಗುರುವನ್ನು’ ಎನ್ನುತ್ತಾರೆ. ಕನ್ನಡ ಅರ್ಥ ಕಾಯುತ್ತದೆ, ಇಂಗ್ಲಿಷ್ ಇಲ್ಲಿ ಉಚ್ಚಾರ ಕಾಯುತ್ತದೆ. ಇನ್ನು ‘ಟ್ರೂಲಿ’, ‘ಆರ್ಗ್ಯುಮೆಂಟ್’ ಇವೆ. ‘ಲಿ’, ‘ಮೆಂಟ್’ ವ್ಯಂಜನದಿಂದ ಶುರುವಾದರೂ ‘ಇ’ ಬಿದ್ದುಹೋಗುತ್ತದೆ. ಇವನ್ನು ಸುಮ್ನೆ ಬಾಯಿಪಾಠ ಮಾಡಿಸಿಬಿಡಿ.

ಆಗಮದಲ್ಲಿ ಹೋಲಿಕೆ ಪೂರ್ತಿ ಕೂಡುವುದಿಲ್ಲ. ನಮ್ಮ ‘ಮನೆಯಲ್ಲಿ’ ಎರಡು ಸ್ವರಗಳ ನಡುವೆ ‘ಯ’ ಬರುತ್ತದೆ. ಇಂಗ್ಲಿಷಿನಲ್ಲಿ ಇದ್ದ ವ್ಯಂಜನವೇ ಇನ್ನೊಂದು ಸಲ ಬರುತ್ತದೆ: ‘ರನ್ನಿಂಗ್’, ‘ಸ್ಟಾಪಿಂಗ್’, ‘ಸಿಟಿಂಗ್’. ಚಿಕ್ಕ ಶಬ್ದ, ಒಂದೇ ಸ್ವರಾಕ್ಷರ, ಕೊನೆಗೆ ಒಂದೇ ವ್ಯಂಜನ ಇದ್ದಾಗ ಹೀಗೆ. ‘ರೀಡ್’ ಶಬ್ದದಲ್ಲಿ ಸ್ವರಾಕ್ಷರ ಎರಡು, ‘ಜಂಪ್’ ಕೊನೆಗೆ ವ್ಯಂಜನ ಎರಡು. ಅಲ್ಲಿ ಏನೂ ಹೆಚ್ಚುವುದಿಲ್ಲ. ನಮ್ಮ ಮಕ್ಕಳು ‘ಸಿಟ್ಟಿಂಗ್’ ಎಂದು ಒತ್ತು ಹಾಕಿಯೇ ಹೇಳುತ್ತಾರೆ. ಇಂಗ್ಲಿಷರು ಹಾಗೆ ಒತ್ತುವುದಿಲ್ಲ. ಆದರೂ ಐದನೇ ತರಗತಿಯಲ್ಲಿ ನಾನು ಅದನ್ನು ತಿದ್ದಲು ಹೋಗುವುದಿಲ್ಲ. ಬಾಯಲ್ಲಿ ಒತ್ತಿದ್ದರೆ ಕೈಯಲ್ಲಿ ಎರಡು ‘ಟಿ’ ತಾನಾಗಿ ಬರುತ್ತವೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನವರು ನನ್ನ ಮೇಲೆ ಸಿಟ್ಟಾದರೆ ಆಗಲಿ.

ಆದೇಶಕ್ಕೆ ಬಹಳ ಹೊತ್ತು ಬೇಡ. ಮಳೆ, ಕಾಲ ಸೇರಿ ‘ಮಳೆಗಾಲ’ ಆದಂತೆ, ‘ಹ್ಯಾಪಿ’ ಕೊನೆಯ ‘ವೈ’ ಜಾಗಕ್ಕೆ ‘ಐ’ ಬಂದು ‘ಹ್ಯಾಪಿನೆಸ್’ ಆಗುತ್ತದೆ. ‘ವೈ’ ಹಿಂದೆ ಸ್ವರವಿದ್ದರೆ ಅದು ಕದಲುವುದಿಲ್ಲ: ‘ಪ್ಲೇಡ್’. ‘ಕ್ರೈಯಿಂಗ್’ನಲ್ಲೂ ಕದಲುವುದಿಲ್ಲ, ಯಾಕೆಂದರೆ ಎರಡು ‘ಐ’ ಅಕ್ಕಪಕ್ಕ ಬಂದುಬಿಡುತ್ತವೆ.

ಉಪಸರ್ಗ ಇದಕ್ಕಿಂತ ಸುಲಭ. ಅಲ್ಲಿ ಮೂಲಶಬ್ದಕ್ಕೆ ಏನೂ ಆಗುವುದಿಲ್ಲ. ಉಪಸರ್ಗದ ಮೇಲೆ ಬೆರಳಿಡಿ, ಉಳಿದದ್ದು ಪೂರ್ತಿ ಶಬ್ದ ಆಗಿರಬೇಕು. ‘ಮಿಸ್‌ಸ್ಪೆಲ್’ನಲ್ಲಿ ಎರಡು ‘ಎಸ್’, ‘ಡಿಸಪಿಯರ್’ನಲ್ಲಿ ಒಂದೇ. ಬೆರಳಿಟ್ಟು ನೋಡಿದರೆ ಗೊತ್ತಾಗುತ್ತದೆ. ಇಲ್ಲಿ ಬದಲಾಗುವುದು ಉಪಸರ್ಗವೇ. ‘ಪಾಸಿಬಲ್’ ಹಿಂದೆ ‘ಇನ್’ ಹೋಗಿ ‘ಇಮ್’ ಬರುತ್ತದೆ. ಮಕ್ಕಳಿಂದ ‘ಸಂತೋಷ’, ‘ಸಂಪತ್ತು’ ಎನ್ನಿಸಿ. ಬರೆಯುವ ಸೊನ್ನೆ ಒಂದೇ, ಆದರೆ ‘ಸಂಪತ್ತು’ ಎನ್ನುವಾಗ ತುಟಿ ಮುಚ್ಚುತ್ತದೆ. ‘ಪ’ ಬರುವ ಮೊದಲೇ ಬಾಯಿ ತಯಾರಾಗಿರುತ್ತದೆ. ‘ಇಮ್‌ಪಾಸಿಬಲ್’ನಲ್ಲೂ ಹಾಗೆಯೇ. ನಾವು ಬಾಯಲ್ಲಿ ಮಾಡುವುದನ್ನು ಅವರು ಸ್ಪೆಲಿಂಗಿನಲ್ಲೂ ತೋರಿಸುತ್ತಾರೆ, ಅಷ್ಟೇ.

ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಯಾಕೆ ಎಂದು ತಪಾಸಣೆಗೆ ಬಂದವರು ಕೇಳಬಹುದು. ಧಾರವಾಡದ ಡೆಪ್ಯೂಟಿ ಚೆನ್ನಬಸಪ್ಪನವರು ಈ ಭಾಗದಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದವರು, ಶೇಕ್ಸ್‌ಪಿಯರನನ್ನೂ ಕನ್ನಡಕ್ಕೆ ತಂದವರು. ಎರಡು ಭಾಷೆ ಪಕ್ಕಪಕ್ಕ ಇಟ್ಟರೆ ಈ ಊರಲ್ಲಾದರೂ ಯಾರೂ ಹುಬ್ಬೇರಿಸಬಾರದು.

ಕೊನೆಗೆ ಡಿಕ್ಟೇಶನ್ ವಿಷಯ. ‘ಹೋಪಿಂಗ್’ ಬರೆಯಿರಿ ಎನ್ನಬೇಡಿ. ‘ಹೋಪ್’ ಕೊಡಿ, ‘ಇಂಗ್’ ಕೊಡಿ, ಕೂಡಿಸಿ ಎನ್ನಿ. ಪಕ್ಕದಲ್ಲಿ ಲೋಪವೋ ಆಗಮವೋ ಎಂದೂ ಬರೆಸಿ. ಮೊಬೈಲ್ ನೋಡಿ ‘ಟ್ರಾವೆಲಿಂಗ್’ಗೆ ಒಂದೇ ‘ಎಲ್’ ಹಾಕಿ ತಂದ ಮಗುವಿಗೆ ಕೆಂಪು ಗೆರೆ ಎಳೆಯಬೇಡಿ. ಅದು ಅಮೆರಿಕದ ರೂಢಿ. ನಾವು ಬಳಸುವ ಬ್ರಿಟಿಷ್ ರೂಢಿಯಲ್ಲಿ ಎರಡು ಇವೆ ಎಂದು ಹೇಳಿ ಮಾರ್ಕ್ಸ್ ಕೊಟ್ಟುಬಿಡಿ.

ಚಹಾ ಬರುವುದರೊಳಗೆ ನಿಮ್ಮ ಪ್ರಶ್ನೆ ಕೇಳಿ.