ಕುಪ್ಯದ ಕಪ್ಪು, ಬ್ಯಾಟರಿಯ ಬಿಳಿ ಪುಡಿ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಖುಷಿಯಾಯಿತು. ಮದುವೆ, ಪಾರ್ಟಿಗಳಲ್ಲಿ ಚೆನ್ನಾಗಿ ಫೋಟೋ ತೆಗೆಯುವುದು ಹೇಗೆ, ಕಾರಿನ ಸಣ್ಣಪುಟ್ಟ ರಿಪೇರಿ ನಾವೇ ಮಾಡಿಕೊಳ್ಳುವುದು ಹೇಗೆ, ಎರಡನ್ನೂ ಇವತ್ತು ಮಾತಾಡುತ್ತೇನೆ ಅಂದಾಗ ನನ್ನ ಹೆಂಡತಿ ನಕ್ಕಳು. "ಎರಡರಲ್ಲೂ ನೀವು ಊಟದ ಹೊತ್ತಿಗೆ ಸಿಗೋದಿಲ್ಲ" ಅಂದಳು. ಸುಳ್ಳಲ್ಲ.

ನಾನು ಸ್ಟುಡಿಯೋದವನಲ್ಲ, ಮೆಕ್ಯಾನಿಕ್ಕೂ ಅಲ್ಲ. ಸ್ವಲ್ಪ ಕಾಫಿ ತೋಟ ಇದೆ, ಒಂದು ಹಳೇ ಕಾರಿದೆ, ಒಂದು ಕ್ಯಾಮೆರಾ ಇದೆ. ಈ ಎರಡು ಹುಚ್ಚೂ ಶುರುವಾದದ್ದು ಒಂದೇ ರಾತ್ರಿ, ಕೊಡಗಿನ ಗೋಣಿಕೊಪ್ಪದ ಒಂದು ಕೊಡವ ಮದುವೆಯಲ್ಲಿ.

ಅವತ್ತು ಮುನ್ನೂರು ಫೋಟೋ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ, ಅಣ್ಣತಮ್ಮಂದಿರ ಕಪ್ಪು ಕುಪ್ಯ, ಅಂದರೆ ಕೊಡವ ಗಂಡಸರ ಉದ್ದನೆ ನಿಲುವಂಗಿ, ಎಲ್ಲ ಬೂದಿ ಬಣ್ಣ, ಮುಖಗಳಿಗೆ ಸುಣ್ಣ ಬಳಿದ ಹಾಗೆ. ಆದರೆ ಮನೆಗೆ ಬಂದದ್ದೇ ಮಾರನೇ ದಿನ. ರಾತ್ರಿ ಹನ್ನೊಂದಕ್ಕೆ ಕಾರಿನ ಕೀ ತಿರುಗಿಸಿದರೆ "ಕಟ್, ಕಟ್" ಅಂತ ಸದ್ದು, ಅಷ್ಟೇ. ಬೆಳಿಗ್ಗೆ ಒಂದು ಗ್ಯಾರೇಜಿನವರು ಎಳೆದುಕೊಂಡು ಹೋದರು. ಬ್ಯಾಟರಿ ಹೊಸದು ಹಾಕಿದರು, ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟರೂ ಬದಲಾಯಿಸಿದರು. ನಾಲ್ಕು ತಿಂಗಳಿಗೆ ಅದೇ "ಕಟ್, ಕಟ್". ಈ ಸಲ ಬಾನೆಟ್ ಎತ್ತಿ ನೋಡಿದೆ. ಬ್ಯಾಟರಿಗೆ ವೈರ್ ಸೇರುವ ಟರ್ಮಿನಲ್ ಮೇಲೆ ಹಸಿರು ಮಿಶ್ರಿತ ಬಿಳಿ ಪುಡಿ, ರವೆ ಸುರಿದ ಹಾಗೆ. ಕೆರೆದು ತೆಗೆದೆ, ಗಾಡಿ ಸ್ಟಾರ್ಟ್ ಆಯಿತು. ಹಾಗಾದರೆ ಸೆಲ್ಫ್ ಮೋಟರ್ ಯಾಕೆ ಬದಲಾಯಿಸಿದ್ದು? ಬಿಡಿ, ಆ ದುಡ್ಡು ನನ್ನ ಟ್ಯೂಷನ್ ಫೀಸು.

ಮೊದಲು ಕುಪ್ಯದ ವಿಷಯ. ಕ್ಯಾಮೆರಾಕ್ಕೆ ಕುಪ್ಯ ಗೊತ್ತಿಲ್ಲ, ಮದುಮಗ ಗೊತ್ತಿಲ್ಲ. ಎದುರಿಗೆ ಏನೇ ಇದ್ದರೂ ಎಲ್ಲ ಸೇರಿ ಒಂದು ನಡು ಬೂದು ಬಣ್ಣ ಅಂತ ಅದು ಲೆಕ್ಕ ಹಾಕುತ್ತದೆ. ಹತ್ತು ಜನ ಕಪ್ಪು ಕುಪ್ಯ ಹಾಕಿ ಸಾಲಾಗಿ ನಿಂತರೆ, "ಅಯ್ಯೋ, ಇಲ್ಲಿ ಕತ್ತಲೆ" ಅಂತ ಬೆಳಕು ಜಾಸ್ತಿ ಮಾಡುತ್ತದೆ. ಕಪ್ಪು ಬೂದಿಯಾಗುತ್ತದೆ, ಮುಖ ಸುಟ್ಟು ಬೆಳ್ಳಗಾಗುತ್ತದೆ. ಮದುಮಗನದ್ದು ಬಿಳಿ ಕುಪ್ಯ ಅಲ್ವಾ? ಅವನೊಬ್ಬನನ್ನೇ ಹತ್ತಿರದಿಂದ ತೆಗೆದರೆ ಉಲ್ಟಾ. ಬೆಳಕು ಕಡಿಮೆ ಮಾಡಿ ಅವನ ಬಿಳಿಯನ್ನು ಒಗೆಯದ ಪಂಚೆ ಮಾಡಿಬಿಡುತ್ತದೆ.

ಮದ್ದು ಸುಲಭ. ಫೋನಾದರೆ ಮುಖದ ಮೇಲೆ ಬೆರಳಿಟ್ಟು ಒತ್ತಿ. ಎಷ್ಟೋ ಫೋನುಗಳಲ್ಲಿ ಪಕ್ಕದಲ್ಲಿ ಒಂದು ಸಣ್ಣ ಸೂರ್ಯ ಬರುತ್ತಾನೆ. ಕಪ್ಪು ಕುಪ್ಯದವರಿಗೆ ಅವನನ್ನು ಸ್ವಲ್ಪ ಕೆಳಗೆ ಎಳೆಯಿರಿ, ಮದುಮಗನಿಗೆ ಸ್ವಲ್ಪ ಮೇಲೆ. ಕ್ಯಾಮೆರಾದಲ್ಲಿ ಪ್ಲಸ್-ಮೈನಸ್ ಗುಂಡಿ ಇರುತ್ತದೆ, ಅದೇ ಕೆಲಸ.

ಫ್ಲ್ಯಾಶ್ ಬಗ್ಗೆ ಒಂದೇ ಮಾತು. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಲಿನ ಕೊನೆಯಲ್ಲಿ ಕೂತು ಫೋನಿನ ಫ್ಲ್ಯಾಶ್ ಹೊಡೆದರೆ ವೇದಿಕೆಗೆ ಏನೂ ತಲುಪುವುದಿಲ್ಲ, ಮುಂದಿನ ಸಾಲಿನ ಮಾಮನ ಬೋಳು ತಲೆ ಮಾತ್ರ ಹೊಳೆಯುತ್ತದೆ. ಮೇಲಕ್ಕೆ ತಿರುಗುವ ಫ್ಲ್ಯಾಶ್ ಇದ್ದರೆ ಬಿಳಿ ಸೀಲಿಂಗಿಗೆ ಹೊಡೆದು ಬೆಳಕನ್ನು ಕೆಳಗೆ ಬರಿಸಿ. ಕೆಂಪು ಶಾಮಿಯಾನ ಆದರೆ ಬೇಡ, ಎಲ್ಲರಿಗೂ ಜ್ವರ ಬಂದ ಹಾಗೆ ಕಾಣುತ್ತದೆ.

ಕೊಡವ ಮದುವೆಯಲ್ಲಿ ಬಾಳೆ ದಿಂಡನ್ನು ಕತ್ತಿಯಿಂದ ಕಡಿಯುವ ಶಾಸ್ತ್ರ ಇದೆಯಲ್ಲ, ಆಗ ಎಷ್ಟೋ ಜನ ಕತ್ತಿ ಬೀಸಿದ ಮೇಲೆ ಬಟನ್ ಒತ್ತುತ್ತಾರೆ. ಸಿಗುವುದು ಬಿದ್ದ ದಿಂಡು. ಕತ್ತಿ ಎತ್ತಿದ ಕೂಡಲೇ ಬರ್ಸ್ಟ್ ಹಿಡಿಯಿರಿ, ಅಂದರೆ ಒಂದೇ ಸಮನೆ ಸಾಲಾಗಿ ಫೋಟೋ ತೆಗೆಯಿರಿ, ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ನಿಧಾನ ಬೇಡ. ಮತ್ತೆ, ಆ ಕತ್ತಿ, ಅಂದರೆ ಒಡಿಕತ್ತಿ, ಬೀಸುವ ಕಡೆಗೆ ಮಾತ್ರ ನಿಲ್ಲಬೇಡಿ. ಫೋಟೋ ಬರದಿದ್ದರೆ ಹೋಗಲಿ.

ನನಗೆ ಎಲ್ಲಕ್ಕಿಂತ ಇಷ್ಟ ಗಂಗೆ ಪೂಜೆ. ಮದುಮಗಳು ತಲೆ ಮೇಲೆ ನೀರಿನ ಬಿಂದಿಗೆ ಹೊತ್ತು ಅಂಗುಲ ಅಂಗುಲ ಮುಂದೆ ಬರುತ್ತಾಳೆ. ನೆಂಟರು ಎದುರಿಗೆ ವಾಲಗಕ್ಕೆ ಕುಣಿಯುತ್ತಾ ದಾರಿ ಬಿಡುವುದಿಲ್ಲ. ಎಲ್ಲರೂ ಕುಣಿಯುವವರ ಫೋಟೋ ತೆಗೆಯುತ್ತಾರೆ. ನೀವು ಕುಣಿಯುವವರ ಭುಜಗಳ ನಡುವಿನ ಸಂದಿಯಲ್ಲಿ ನೋಡಿ. ಆ ಸಂದಿಯಲ್ಲಿ ಅವಳ ಮುಖ ಇರುತ್ತದೆ, ಅರ್ಧ ನಗು, ಅರ್ಧ ಕತ್ತು ನೋವು. ಅದಕ್ಕೆ ಕಾಯಬೇಕು. ಒಂದು ಸಲ ಮುಕ್ಕಾಲು ಗಂಟೆ ಕಾದಿದ್ದೇನೆ. ಊಟಕ್ಕೆ ಹೋದಾಗ ಹಂದಿ ಮಾಂಸದ ಪಂದಿಕರಿ ಖಾಲಿ, ಅದರ ಜೊತೆ ತಿನ್ನುವ ಅಕ್ಕಿ ಉಂಡೆ, ಕಡಂಬಿಟ್ಟು, ಮಾತ್ರ ಉಳಿದಿತ್ತು.

ಇನ್ನು ಬ್ಯಾಟರಿ. "ಹಾರ್ನ್ ಹೊಡೆಯುತ್ತೆ, ಒಳಗಿನ ಲೈಟ್ ಉರಿಯುತ್ತೆ, ಹಾಗಾದ್ರೆ ಬ್ಯಾಟರಿ ಸರಿಯಿದೆ" ಅಂತ ನಾವು ಅಂದುಕೊಳ್ಳುತ್ತೇವೆ. ಒಳಗಿನ ಬಲ್ಬಿಗೆ ಅರ್ಧ ಆಂಪಿಯರ್ ಸಾಕು. ಸೆಲ್ಫಿಗೆ ನೂರಕ್ಕೂ ಜಾಸ್ತಿ ಬೇಕು. ಆ ಬಿಳಿ ಪುಡಿಯ ಮೂಲಕ ಸ್ವಲ್ಪ ಕರೆಂಟ್ ನುಸುಳುತ್ತದೆ, ಪೂರ್ತಿ ಬರುವುದಿಲ್ಲ. ಅದಕ್ಕೇ ಲೈಟ್ ಉರಿಯುತ್ತದೆ, ಎಂಜಿನ್ ತಿರುಗುವುದಿಲ್ಲ.

ಟರ್ಮಿನಲ್ ಶುಚಿ ಮಾಡಲು ಬೇಕಾಗುವುದು 10 ಮಿಲಿಮೀಟರ್ ಸ್ಪ್ಯಾನರ್, ಹಳೇ ಟೂತ್‌ಬ್ರಷ್, ಅಡುಗೆ ಸೋಡಾ, ಬಿಸಿ ನೀರು, ಕೈಗೆ ಗ್ಲೌಸ್. ಮೊದಲು ಎಂಜಿನ್ ಆಫ್. ಆಮೇಲೆ ಫೋನ್ ತೆಗೆದು ಬ್ಯಾಟರಿಯ ಒಂದು ಫೋಟೋ ತೆಗೆಯಿರಿ. ಹೌದು, ಇಲ್ಲೂ ಫೋಟೋ! ಯಾವ ವೈರ್ ಎಲ್ಲಿತ್ತು ಅಂತ ಆಮೇಲೆ ಜಗಳ ಬೇಡ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಯಾಕೆ ಅಂದರೆ, ಕಾರಿನ ಬಾಡಿ ಇಡೀ ಮೈನಸ್ಸಿಗೆ ಸೇರಿದೆ. ಮೈನಸ್ ಹಾಗೇ ಇದ್ದು ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ. ಸೋಡಾ ನೀರು ಹಾಕಿದಾಗ ಬುಸ್ಸೆಂದು ನೊರೆ ಬರುತ್ತದೆ, ಅದೇ ಆಸಿಡ್ ಸಾಯುವ ಸದ್ದು. ಉಜ್ಜಿ, ಒರೆಸಿ, ಒಣಗಿಸಿ, ಕ್ಲಾಂಪ್ ಬಿಗಿ ಮಾಡಿ, ಮೇಲೆ ಸ್ವಲ್ಪ ವ್ಯಾಸಲಿನ್ ಸವರಿ. ನಮ್ಮ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಇದನ್ನು ನೋಡಿ.

ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ರಾತ್ರಿಯಿಡೀ ನಿಂತ ಗಾಡಿಯಲ್ಲಿ 12.6 ವೋಲ್ಟ್ ಬಂದರೆ ಬ್ಯಾಟರಿ ತುಂಬಿದೆ. ಎಂಜಿನ್ ಓಡುವಾಗ 14ರ ಆಸುಪಾಸು ಬಂದರೆ ಚಾರ್ಜ್ ಆಗುತ್ತಿದೆ. ಬ್ಯಾಟರಿ ಬದಲಾಯಿಸಬೇಕು ಅಂತ ಯಾರಾದರೂ ಹೇಳಿದರೆ ಮೊದಲು ಈ ಎರಡು ಸಂಖ್ಯೆ ಕೇಳಿ.

ಬಾನೆಟ್ ತೆಗೆದಾಗ ವೈರುಗಳನ್ನೂ ನೋಡಿ. ತೋಟದ ಶೆಡ್ಡಿನಲ್ಲಿ ನಿಲ್ಲಿಸುವ ಗಾಡಿಯಲ್ಲಿ ಇಲಿ ಸಂಸಾರ ಹೂಡುತ್ತದೆ. ನನ್ನ ಏರ್ ಫಿಲ್ಟರ್ ಪೆಟ್ಟಿಗೆಯಲ್ಲಿ ಒಂದು ಸಲ ಅರ್ಧ ಸೇರು ಕಾಫಿ ಬೀಜ ಸಿಕ್ಕಿತ್ತು. ಪಾಪ, ಅದಕ್ಕೂ ಒಣಗಿದ ಜಾಗ ಬೇಕಿತ್ತು.

ವೈಪರ್, ಫಿಲ್ಟರ್, ಫ್ಯೂಸ್, ಸ್ಟೆಪ್ನಿ, ಇವೆಲ್ಲ ನೀವೇ ಮಾಡಿ. ಸ್ಟೆಪ್ನಿ ಹಾಕುವಾಗ ನಟ್ಟುಗಳನ್ನು ಚಕ್ರ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲಿಸಿ, ಆಮೇಲೆ ಜಾಕ್ ಕೊಡಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಕೈಕಾಲು ಹಾಕಬೇಡಿ. ಬ್ರೇಕ್ ಕೆಲಸ ಮಾತ್ರ ಗೊತ್ತಿರುವವರಿಗೇ ಬಿಡಿ. ಸಂಪಾಜೆ ಘಾಟಿ ಇಳಿಯುವಾಗ ನಮ್ಮ ಪ್ರಯೋಗ ಪರೀಕ್ಷೆ ಮಾಡುವುದು ಬೇಡ.

ಪೋರ್ಟಿಕೋದಲ್ಲಿ ನನ್ನ ಕಾರು ನಿಂತಿದೆ. ಬೇಕೆಂದೇ ಒಂದು ಕೆಲಸ ಕೆಡಿಸಿಟ್ಟಿದ್ದೇನೆ, ಏನು ಅಂತ ಹೇಳುವುದಿಲ್ಲ. ಕಾಫಿ ಕುಡಿದು ಬನ್ನಿ, ಯಾರು ಸ್ಟಾರ್ಟ್ ಮಾಡುತ್ತೀರೋ ನೋಡೋಣ. ಫೋಟೋ ನಾನು ತೆಗೆಯುತ್ತೇನೆ.